ಹನ್ನೊಂದನೇ ವರ್ಷದ ನೋಟೀಸು

ಅಪ್ಪ ತೀರಿಕೊಂಡಾಗ ಅವರ ತಲೆಯ ಮೇಲೆ ಯಾವ ಸಾಲವೂ ಇಲ್ಲ ಎಂದೇ ನಾವೆಲ್ಲ ನಂಬಿದ್ದೆವು. ತಿಪಟೂರಿನ ಮಂಡಿ ಬೀದಿಯ ಪಕ್ಕದಲ್ಲಿ ಅವರದು ಒಂದೇ ಬಾಗಿಲಿನ ಟೈಲರಿಂಗ್ ಅಂಗಡಿ. ವರ್ತಕರಿಗೆ ಜುಬ್ಬ, ಶಾಲೆ ಮಕ್ಕಳಿಗೆ ಯೂನಿಫಾರಂ, ಹಬ್ಬ ಹತ್ತಿರ ಬಂತೆಂದರೆ ರಾತ್ರಿಯೆಲ್ಲ ರವಿಕೆ. ದಾರ, ಗುಂಡಿ ತಂದ ಅಂಗಡಿಯ ಬಾಕಿಯನ್ನೂ ಆ ವಾರವೇ ತೀರಿಸಿಬಿಡುತ್ತಿದ್ದರು. ತನಗಾಗಿ ಸಾಲ ಮಾಡಿದವರಲ್ಲ. ಆದರೆ 2003ರಲ್ಲಿ ಗೆಳೆಯರೊಬ್ಬರ ಸಾಲಕ್ಕೆ ಸಹಿ ಹಾಕಿದ್ದರು.

ಆ ಗೆಳೆಯರದು ಕೊಬ್ಬರಿ ವ್ಯಾಪಾರ. ತೆಂಗಿಗೆ ನುಸಿಪೀಡೆ ಬಿದ್ದು ಕೆಲವು ವರ್ಷಗಳಾಗಿದ್ದವು, ಮಳೆಯೂ ಕೈಕೊಟ್ಟಿತ್ತು. ನಮ್ಮ ಕಡೆಯ ಉಂಡೆ ಕೊಬ್ಬರಿ ಇವತ್ತು ಕಿತ್ತು ನಾಳೆ ಮಾರುವ ಮಾಲಲ್ಲ. ಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಕಾಯಬೇಕು. ಹಾಗೆ ಕಾಯುವ ಊರಿನಲ್ಲಿ ಕೈಸಾಲ ಮನೆಯಿಂದ ಮನೆಗೆ ತಿರುಗುತ್ತಲೇ ಇರುತ್ತದೆ. ಗೆಳೆಯರು ಪರಿಚಯದವರೊಬ್ಬರಿಂದ 60,000 ರೂಪಾಯಿ ತೆಗೆದುಕೊಂಡರು. ನೂರಕ್ಕೆ ತಿಂಗಳಿಗೆ ಒಂದೂವರೆ ರೂಪಾಯಿ ಬಡ್ಡಿ. ಪ್ರೋನೋಟಿನ ರೆವಿನ್ಯೂ ಸ್ಟಾಂಪಿನ ಮೇಲೆ ಗೆಳೆಯರ ಸಹಿ, ಪಕ್ಕದಲ್ಲಿ ಅಪ್ಪನ ಸಹಿ. ಜಾಮೀನಿಗೆ ಹಾಕಿದ್ದು ಎಂದು ಅಪ್ಪ ತಿಳಿದಿದ್ದರು. ಕಾಗದದ ಪ್ರಕಾರ ಅವರೂ ಸಾಲಗಾರರೇ.

ಸಾಲ ತೀರಲಿಲ್ಲ. ಪ್ರೋನೋಟಿಗೆ ಮೂರು ವರ್ಷದ ಆಯುಸ್ಸು. ಅದು ಮುಗಿಯುವ ಮೊದಲೇ, 2006ರಲ್ಲಿ, ಸಾಲ ಕೊಟ್ಟವರು ದಾವೆ ಹೂಡಿದರು. ಸಮನ್ಸ್ ಬಂತು, ಅಪ್ಪ ಸಹಿ ಮಾಡಿ ತೆಗೆದುಕೊಂಡರು. "ನಾನು ನೋಡ್ಕೋತೀನಿ, ನೀನು ಅಂಗಡಿ ಮುಚ್ಚಿ ಯಾಕೆ ಅಲೀತೀಯ" ಅಂದರಂತೆ ಗೆಳೆಯರು. ಇಬ್ಬರೂ ಕೋರ್ಟಿಗೆ ಹೋಗಲಿಲ್ಲ. 2007ರಲ್ಲಿ ಏಕಪಕ್ಷೀಯವಾಗಿ ಡಿಕ್ರಿ ಆಯಿತು. ಅದೇ ಹೊತ್ತಿಗೆ ಗೆಳೆಯರು ಸಂಸಾರ ಕಟ್ಟಿಕೊಂಡು ತಿರುಪ್ಪೂರಿನ ಕಡೆ ಹೋಗಿಬಿಟ್ಟರು. ಅಪ್ಪ ಈ ವಿಷಯವನ್ನು ಮನೆಯಲ್ಲಿ ಬಾಯಿಬಿಟ್ಟವರಲ್ಲ. 2016ರಲ್ಲಿ ಅವರು ಹೋದರು. ನೋಟೀಸು ಬಂದದ್ದು 2018ರ ದೀಪಾವಳಿ ಕಳೆದ ಮೇಲೆ, ಡಿಕ್ರಿಯಾದ ಹನ್ನೊಂದನೇ ವರ್ಷದಲ್ಲಿ. ಅದರ ಮೇಲೆ ಅಪ್ಪನ ಹೆಸರು, ಹೆಸರಿನ ಹಿಂದೆ "ದಿವಂಗತ", ಕೆಳಗೆ ವಾರಸುದಾರರೆಂದು ಅಮ್ಮ, ನಾನು, ನನ್ನ ತಮ್ಮ.

ಕೋರ್ಟಿನ ಅಮೀನರು ಬಂದಾಗ ಅಮ್ಮ ಒಬ್ಬಳೇ ಇದ್ದಳು. ಅಪ್ಪ ಹೋದ ಮೇಲೆ ಅಂಗಡಿ ಬಿಟ್ಟುಕೊಟ್ಟು ಮಿಷನ್ನನ್ನು ಮನೆಯ ಹಜಾರಕ್ಕೆ ತಂದು ಹಾಕಿಕೊಂಡಿದ್ದಳು. ಅವಳ ಮೊದಲ ಮಾತೇ "ಮಿಷನ್ ಮುಟ್ಟಬೇಡಿ ಸ್ವಾಮಿ, ಅದೊಂದೇ ಇರೋದು". ಆ ಅಮೀನರು ವಯಸ್ಸಾದವರು, ಸಾವಧಾನಿ. "ಮಿಷನ್ ಎತ್ಕೊಂಡು ಹೋಗೋಕೆ ಬಂದಿಲ್ಲ ಕಣಮ್ಮ. ಇದು ನೋಟೀಸು. ಸಹಿ ಹಾಕಿ, ತಾರೀಖಿಗೆ ಬಂದು ಏನು ಹೇಳಬೇಕೋ ಹೇಳಿ" ಎಂದು ಹೇಳಿ ಹೋದರು. ಎದುರು ಮನೆಯವರು ಅಷ್ಟರಲ್ಲಿ ಕಿಟಕಿಯಿಂದಲೇ ಸನ್ನೆ ಮಾಡಿದ್ದರಂತೆ: ತಗೋಬೇಡಿ, ಮನೇಲಿಲ್ಲ ಅನ್ನಿ ಎಂದು. ಅಮ್ಮ ಆ ಸನ್ನೆ ಕೇಳದೆ ಸಹಿ ಮಾಡಿದ್ದು ನಮ್ಮ ಪುಣ್ಯ. ನೋಟೀಸು ಬೇಡವೆಂದರೆ ಅದು ವಾಪಸು ಹೋಗಿ ಮಾಯವಾಗುವುದಿಲ್ಲ. ಬಾಗಿಲಿಗೆ ಅಂಟಿಸಿ ಹೋಗುತ್ತಾರೆ, ಜಾರಿಯಾಯಿತು ಎಂದು ಬರೆದುಕೊಳ್ಳುತ್ತಾರೆ. ಆಮೇಲೆ ನಾವು ಬಾರದ ಕೋರ್ಟಿನಲ್ಲಿ ನಮ್ಮ ವಿಷಯ ನಡೆದುಹೋಗುತ್ತದೆ. ಅಪ್ಪನ ದಾವೆಯಲ್ಲಿ ಆದದ್ದೂ ಅದೇ.

ಅಮ್ಮನ ಭಯಕ್ಕೆ ಒಂದು ಬೇರಿತ್ತು. ಅವಳು ಚಿಕ್ಕವಳಾಗಿದ್ದಾಗ ಅವಳ ಊರಿನಲ್ಲಿ ಒಂದು ಮನೆ ಜಪ್ತಿಯಾಗಿತ್ತು. ಬಾಗಿಲ ಮುಂದೆ ತಮಟೆ ಬಾರಿಸಿ, ಈ ಮನೆಯನ್ನು ಯಾರೂ ಕೊಳ್ಳಕೂಡದು, ಮನೆಯವರು ಮಾರಕೂಡದು ಎಂದು ಸಾರಿದ್ದರು. ಆ ಮನೆಯ ಹೆಣ್ಣುಮಕ್ಕಳು ಆಮೇಲೆ ಬಹಳ ಕಾಲ ನೀರಿಗೆ ಹೊತ್ತು ಮುಳುಗಿದ ಮೇಲೆ ಹೋಗುತ್ತಿದ್ದರಂತೆ. ಈ ಡಂಗುರ ಇವತ್ತಿಗೂ ಕಾನೂನಿನಲ್ಲಿದೆ. ಸ್ಥಿರಾಸ್ತಿ ಜಪ್ತಿಯನ್ನು ಆ ಜಾಗದಲ್ಲಿ ಡೋಲು ಬಾರಿಸಿಯೋ ಬೇರೆ ರೂಢಿಯ ರೀತಿಯಲ್ಲೋ ಸಾರಬೇಕೆಂದು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶ ಹೇಳುತ್ತದೆ. ಕೊಳ್ಳುವವರು ಮೋಸ ಹೋಗದಿರಲಿ ಎಂಬುದು ಅದರ ಉದ್ದೇಶ. ಆದರೆ ಊರಿಗೆ ಕೇಳಿಸುವುದು ಅವಮಾನವೊಂದೇ. ಸಾಲಕ್ಕಿಂತ ಆ ತಮಟೆಗೇ ಜನ ಹೆದರುತ್ತಾರೆ. ಹೆದರಿ ಮುಖ ಮರೆಸಿಕೊಳ್ಳುತ್ತಾರೆ. ಮುಖ ಮರೆಸಿಕೊಂಡವರನ್ನು ಯಾವ ಕಾನೂನೂ ಕಾಯಲಾರದು. ನಾನು ಈ ಬರಹ ಬರೆಯುತ್ತಿರುವುದೇ ಆ ಕಾರಣಕ್ಕೆ.

ನಾನು ಆಗ ಪಕ್ಕದ ತಾಲ್ಲೂಕಿನಲ್ಲಿ ಹೈಸ್ಕೂಲ್ ಟೀಚರ್. ತಮ್ಮ ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿದ್ದ. ಅವನಿಗೆ ನೆಂಟರು ಒಬ್ಬೊಬ್ಬರಾಗಿ ಫೋನ್ ಮಾಡಿ ಒಂದೊಂದು ಹೇಳಿದರು. ನಿನ್ನ ಸಂಬಳ ಜಪ್ತಿ ಮಾಡ್ತಾರೆ. ನಿನ್ನನ್ನ ಸಿವಿಲ್ ಜೈಲಿಗೆ ಹಾಕಿಸ್ತಾರೆ. ಮೂರು ವರ್ಷ ಕಳೆದ ಪತ್ರ ಸತ್ತ ಪತ್ರ, ತಲೆ ಕೆಡಿಸ್ಕೋಬೇಡ. ಮನೆ ಅಮ್ಮನ ಹೆಸರಿಗೆ ಹಿಂದಿನ ತಾರೀಖಿಗೆ ಬರೆಸಿಬಿಡಿ. ಒಂದೊಂದು ಮಾತಿನಲ್ಲೂ ಚೂರು ಕಾನೂನು, ಉಳಿದದ್ದು ಹೆದರಿಕೆ. ತಮ್ಮನಿಗೆ ನಿದ್ದೆ ಬಾರದೆ ಹೋಯಿತು.

ನಮಗೆ ದಾರಿ ತೋರಿಸಿದವರು ಕೋರ್ಟಿನ ಆವರಣದಲ್ಲೇ ಇರುವ ತಾಲ್ಲೂಕು ಕಾನೂನು ಸೇವಾ ಸಮಿತಿಯವರು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಹೆಂಗಸರಿಗೆ ವಕೀಲರ ನೆರವು ಉಚಿತ. ಅವರ ಆದಾಯ ಎಷ್ಟೆಂದು ಕೇಳುವಂತಿಲ್ಲ. ಇದು ನಮ್ಮ ಬೀದಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಸಮಿತಿ ಅಮ್ಮನಿಗೆ ಕೊಟ್ಟ ವಕೀಲೆ ನನಗಿಂತ ಚಿಕ್ಕವರು. ನೋಟೀಸನ್ನು ಎರಡು ಸಲ ಓದಿ ಅಮ್ಮನನ್ನು ಎದುರು ಕೂರಿಸಿಕೊಂಡು ಹೇಳಿದರು: "ಅಮ್ಮ, ನೀವು ಹೆದರ್ಕೊಂಡು ಮನೇಲಿ ಕೂತ್ರೆ ಸಾಹೇಬರಿಗೆ ಕಾಣೋದು ಅವರು ಬರೆದುಕೊಟ್ಟ ಲೆಕ್ಕ ಒಂದೇ. ನಿಮ್ಮ ಲೆಕ್ಕ ಕಾಣಬೇಕು ಅಂದ್ರೆ ನೀವು ಬರಬೇಕು."

ಪ್ರೋನೋಟಿಗೆ ಮೂರು ವರ್ಷ, ಡಿಕ್ರಿಗೆ ಹನ್ನೆರಡು ವರ್ಷ ಎಂದು ತಿಳಿದದ್ದು ಅವರಿಂದಲೇ. 1963ರ ಕಾಲಮಿತಿ ಕಾಯ್ದೆ ಹಾಗೆ ಹೇಳುತ್ತದೆ. ಡಿಕ್ರಿಯ ಹಣ ವಸೂಲಿಗೆಂದು ಹನ್ನೊಂದನೇ ವರ್ಷದಲ್ಲಿ ಹಾಕಿದ ಅಮಲ್ಜಾರಿ ಅರ್ಜಿ ಕಾಲದೊಳಗೇ ಇತ್ತು. ನೋಟೀಸು ಯಾಕೆ ಬಂತು ಎಂಬುದಕ್ಕೂ ಕಾರಣವಿತ್ತು. ಡಿಕ್ರಿಯಾಗಿ ಎರಡು ವರ್ಷ ದಾಟಿದ್ದರೆ, ಇಲ್ಲವೇ ಸಾಲಗಾರ ಸತ್ತು ವಾರಸುದಾರರ ಮೇಲೆ ಅರ್ಜಿ ಹಾಕಿದ್ದರೆ, ಯಾಕೆ ಅಮಲ್ಜಾರಿ ಮಾಡಬಾರದು ಹೇಳಿ ಎಂದು ಕೋರ್ಟು ಮೊದಲು ಕೇಳಬೇಕು. ಅಮ್ಮನಿಗೆ ಬೆದರಿಕೆಯಂತೆ ಕಂಡ ಕಾಗದ ನಿಜವಾಗಿ ಒಂದು ಪ್ರಶ್ನೆಯಾಗಿತ್ತು, ಉತ್ತರಕ್ಕೆ ಜಾಗ ಬಿಟ್ಟು ಕಳಿಸಿದ್ದ ಪ್ರಶ್ನೆ.

ತಮ್ಮನ ಜೈಲಿನ ಭಯವೂ ಅಲ್ಲೇ ಕಳೆಯಿತು. ಸಾಲಗಾರನ ವಾರಸುದಾರರ ಹೊಣೆ, ಸತ್ತವರಿಂದ ಅವರ ಕೈಗೆ ಬಂದ ಆಸ್ತಿ ಎಷ್ಟಿದೆಯೋ ಅಷ್ಟಕ್ಕೆ ಮಾತ್ರ. ತಮ್ಮ ದುಡಿದ ಸಂಬಳ ಅಪ್ಪನ ಆಸ್ತಿಯಲ್ಲ, ನನ್ನ ಸಂಬಳವೂ ಅಲ್ಲ. ಮಗ ಅಪ್ಪನ ಸಾಲ ತೀರಿಸಲೇಬೇಕೆಂಬ ಹಳೆಯ ಹಿಂದೂ ಧರ್ಮದ ಹೊಣೆಯನ್ನು 2005ರ ತಿದ್ದುಪಡಿ ತೆಗೆದುಹಾಕಿತು, ಅದಕ್ಕಿಂತ ಹಿಂದಿನ ಸಾಲಗಳಿಗೆ ಹಳೆಯ ನಿಯಮ ಉಳಿಯಿತು. ಅಪ್ಪನದು 2003ರ ಸಾಲ. ಆದರೆ ಆ ಹಳೆಯ ನಿಯಮವೂ ಪಿತ್ರಾರ್ಜಿತವನ್ನು ಮಾತ್ರ ಮುಟ್ಟುತ್ತಿತ್ತೇ ಹೊರತು ಮಗನ ಸ್ವಂತ ದುಡಿಮೆಯನ್ನಲ್ಲ. ಇನ್ನು ಹಣದ ಡಿಕ್ರಿಗಾಗಿ ಹೆಂಗಸನ್ನು ಬಂಧಿಸುವಂತೆಯೇ ಇಲ್ಲ. ಸಾಲ ಮಾಡಿದವನೇ ಬದುಕಿದ್ದರೂ ಕೈಯಲ್ಲಿಲ್ಲದ ಬಡವನನ್ನು ಜೈಲಿಗೆ ಹಾಕುವುದು ಸಲ್ಲದು. ತೀರಿಸುವ ಶಕ್ತಿಯಿದ್ದೂ ಕೆಟ್ಟ ಬುದ್ಧಿಯಿಂದ ತಪ್ಪಿಸಿಕೊಂಡನೇ ಎಂದು ನೋಡಬೇಕು ಎಂದು ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ 1980ರಲ್ಲಿ, ಕೊಚ್ಚಿನ್ ಬ್ಯಾಂಕಿನ ಸಾಲದ ಮೊಕದ್ದಮೆಯಲ್ಲಿ, ಸುಪ್ರೀಂ ಕೋರ್ಟಿನಿಂದ ಹೇಳಿದ್ದರು. ಆ ತೀರ್ಪನ್ನು ನಾನು ಆಮೇಲೆ ಹುಡುಕಿ ಓದಿದೆ. ಬಡತನ ಅಪರಾಧವಲ್ಲ ಎಂಬ ಮಾತನ್ನು ದೇಶದ ಅತಿ ದೊಡ್ಡ ಕೋರ್ಟಿನ ಬಾಯಿಂದ ಕೇಳುವುದು ನನ್ನಂಥ ಮನೆಯಿಂದ ಬಂದವಳಿಗೆ ಸಣ್ಣ ವಿಷಯವಲ್ಲ.

ಮಿಷನ್ನಿನ ವಿಷಯ ಅಮ್ಮನೇ ಕೇಳಿದಳು. ವಕೀಲೆ ಸಂಹಿತೆಯ 60ನೇ ಕಲಮನ್ನು ತೆರೆದು ಕನ್ನಡದಲ್ಲಿ ಬಿಡಿಸಿ ಹೇಳಿದರು. ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಹೊದಿಕೆ ಜಪ್ತಿಗೆ ಸಿಗವು. ಧರ್ಮದ ರೂಢಿಯಂತೆ ಹೆಂಗಸು ಮೈಯಿಂದ ತೆಗೆಯಬಾರದ ಒಡವೆ ಸಿಗದು. ಕಸುಬುದಾರನ ಉಪಕರಣ ಸಿಗದು. ರೈತನಾದರೆ ನೇಗಿಲು, ದನ, ಬಿತ್ತನೆ ಬೀಜ, ವಾಸದ ಮನೆ ಸಿಗವು. ಸಂಬಳದಲ್ಲಿ ಮೊದಲ 1,000 ರೂಪಾಯಿ, ಉಳಿದದ್ದರಲ್ಲಿ ಮೂರನೇ ಎರಡು ಪಾಲು ಸಿಗದು. ಒಂದೇ ಡಿಕ್ರಿಗಾಗಿ 24 ತಿಂಗಳು ಸಂಬಳ ಹಿಡಿದರೆ ಆ ಡಿಕ್ರಿಗೆ ಮತ್ತೆ ಹಿಡಿಯುವಂತಿಲ್ಲ. ಪ್ರಾವಿಡೆಂಟ್ ಫಂಡ್, ಜೀವ ವಿಮೆಯ ಹಣ ಇವೂ ಆ ಪಟ್ಟಿಯಲ್ಲಿವೆ. ನೂರು ವರ್ಷಕ್ಕೂ ಹಿಂದೆ ಈ ಕಾನೂನು ಬರೆದವರು, ಸಾಲಗಾರನನ್ನು ಬರಿಗೈ ಮಾಡಿ ಬೀದಿಗೆ ನಿಲ್ಲಿಸಬಾರದು, ನಾಳೆ ಬೆಳಿಗ್ಗೆ ಅವನು ಎದ್ದು ದುಡಿಯುವಂತಿರಬೇಕು ಎಂದು ಯೋಚಿಸಿದ್ದರು. ಅಮ್ಮ ಎಲ್ಲವನ್ನೂ ಕೇಳಿಸಿಕೊಂಡು, "ಹಂಗಾದ್ರೆ ಹೊಲಿಯೋದು ನಿಲ್ಲಿಸಬೇಕಾಗಿಲ್ಲ" ಅಂದಳು. ನೋಟೀಸು ಬಂದಾಗಿನಿಂದ ಅವಳು ಮಿಷನ್ನಿಗೆ ಹಳೇ ಸೀರೆ ಮುಚ್ಚಿ ಇಟ್ಟಿದ್ದಳು.

ಆದರೆ ಮನೆ? ಅದಕ್ಕೆ ವಕೀಲೆ ಸಮಾಧಾನ ಹೇಳಲಿಲ್ಲ, ನಿಜ ಹೇಳಿದರು. ನಾವು ರೈತರಲ್ಲ. ಮನೆ ಅಪ್ಪನ ಹೆಸರಿನಲ್ಲಿತ್ತು, ಅವರಿಂದ ನಮಗೆ ಬಂದಿತ್ತು. ಅರ್ಜಿಯಲ್ಲಿ ಕೇಳಿದ್ದೂ ಅದರ ಜಪ್ತಿಯನ್ನೇ. ಹಿಂದಿನ ತಾರೀಖಿಗೆ ಬರೆಸಿಕೊಳ್ಳುವ ಮಾತನ್ನು ಯಾರೋ ಆಡಿದ್ದಾರೆಂದು ತಿಳಿದಾಗ ಅವರು ಗಟ್ಟಿಯಾಗಿ, "ಅಂಥ ಕೆಲಸ ಮಾಡೋದಾದ್ರೆ ಈ ವಕಾಲತ್ತು ನನಗೆ ಬೇಡ" ಅಂದರು. ಆ ಮಾತಿನಿಂದ ನನಗೆ ಅವರ ಮೇಲೆ ಇನ್ನಷ್ಟು ನಂಬಿಕೆ ಬಂತು.

ಅವರು ಮಾಡಿಸಿದ ಮೊದಲ ಕೆಲಸ ನಕಲು ಅರ್ಜಿ. ಹಳೆಯ ದಾವೆಯ ತೀರ್ಪು ಮತ್ತು ಡಿಕ್ರಿಯ ದೃಢೀಕೃತ ಪ್ರತಿ ಕೈಗೆ ಬಂದ ದಿನ ಅವರ ಕಚೇರಿಯ ಮೇಜಿನ ಮೇಲೆ ಎರಡು ಕಾಗದಗಳನ್ನು ಪಕ್ಕಪಕ್ಕದಲ್ಲಿ ಹರಡಿದೆವು. ಅಮಲ್ಜಾರಿ ಅರ್ಜಿಯಲ್ಲಿ ಕೇಳಿದ್ದ ಮೊತ್ತ 3,00,000 ರೂಪಾಯಿಗೂ ಮೇಲೆ. ಡಿಕ್ರಿಯಲ್ಲಿ ಇದ್ದದ್ದು ಹೀಗೆ: ಅಸಲು 60,000, ದಾವೆಯವರೆಗಿನ ಬಡ್ಡಿ 32,400, ಖರ್ಚು ಸುಮಾರು 9,000. ದಾವೆಯ ದಿನದಿಂದ ಮುಂದಕ್ಕೆ ಅಸಲಿನ ಮೇಲೆ ಮಾತ್ರ, ವರ್ಷಕ್ಕೆ ನೂರಕ್ಕೆ 6ರಂತೆ ಬಡ್ಡಿ. ವ್ಯಾಪಾರಕ್ಕೆ ಕೊಟ್ಟದ್ದೆಂದು ಸಾಬೀತಾಗದ ಸಾಲಕ್ಕೆ ಡಿಕ್ರಿಯ ನಂತರ ಕೋರ್ಟು ಕೊಡಬಹುದಾದ ಗರಿಷ್ಠ ಬಡ್ಡಿಯೇ ಅಷ್ಟು. ಅರ್ಜಿ ಬರೆದವರು ಅಸಲು, ಬಡ್ಡಿ ಎರಡನ್ನೂ ಕೂಡಿಸಿ ಅದರ ಮೇಲೆ ಹನ್ನೆರಡು ವರ್ಷಕ್ಕೂ ನೂರಕ್ಕೆ 18 ಹಾಕಿದ್ದರು. ನಾನು ಗಣಿತ ಹೇಳಿಕೊಡುವವಳು. ಅಲ್ಲೇ ಕೂತು ಲೆಕ್ಕ ಹಾಕಿದೆ. ಹನ್ನೆರಡು ವರ್ಷಕ್ಕೆ ನಿಜವಾದ ಬಡ್ಡಿ 43,200. ಎಲ್ಲ ಸೇರಿ 1,44,600. ಅಮಲ್ಜಾರಿ ನಡೆಸುವ ಕೋರ್ಟು ಡಿಕ್ರಿಯ ಆಚೆಗೆ ಹೋಗುವಂತಿಲ್ಲ. ಡಿಕ್ರಿ ತಪ್ಪೆಂದು ನಾವು ಅಲ್ಲಿ ವಾದಿಸುವಂತಿಲ್ಲ, ಡಿಕ್ರಿಯಲ್ಲಿ ಇಲ್ಲದ್ದನ್ನು ಅವರು ಕೇಳುವಂತಿಲ್ಲ. ನಾವು ಬಾರದೇ ಹೋಗಿದ್ದರೆ ಆ ಲೆಕ್ಕವನ್ನು ಯಾರು ಕೂತು ಸರಿಮಾಡುತ್ತಿದ್ದರು? ದಿನಕ್ಕೆ ಅಷ್ಟೊಂದು ಕೇಸು ಕೂಗುವ ಕೋರ್ಟಿನಲ್ಲಿ ಎದುರು ಪಾರ್ಟಿ ಗೈರು ಎಂದರೆ ಮುಂದಿನ ಆದೇಶ ಸಲೀಸು.

ಎರಡನೇ ಕಾಗದ ಸಿಕ್ಕಿದ್ದು ಮನೆಯಲ್ಲಿ. ಅಪ್ಪನ ಅಳತೆ ಪುಸ್ತಕಗಳನ್ನು ಅಮ್ಮ ಎಸೆದಿರಲಿಲ್ಲ. ಎದೆ, ಸೊಂಟ, ತೋಳು ಎಂದು ಗಿರಾಕಿಗಳ ಅಳತೆ ತುಂಬಿದ ಒಂದು ಪುಸ್ತಕದ ಕೊನೆಯ ಹಾಳೆಗಳಲ್ಲಿ ಬೇರೆ ಲೆಕ್ಕವಿತ್ತು. 500, 1,000, ಒಂದು ದಸರೆಯಲ್ಲಿ 3,000. ಪಕ್ಕದಲ್ಲಿ ತಾರೀಖು, ಎದುರಿಗೆ ಸಾಲ ಕೊಟ್ಟವರ ಚುಟುಕು ಸಹಿ. ಡಿಕ್ರಿಯಾದ ಮೇಲೆ ವರ್ಷಗಟ್ಟಲೆ ಅಪ್ಪ ಯಾರಿಗೂ ಹೇಳದೆ ಕಟ್ಟಿದ್ದರು. ಒಟ್ಟು 38,500 ರೂಪಾಯಿ. ಆ ಹಾಳೆಗಳನ್ನು ಓದುತ್ತ ನನಗೆ ಅಪ್ಪನ ಆ ವರ್ಷಗಳು ಮತ್ತೆ ಕಾಣಿಸಿದವು. ಹಬ್ಬಕ್ಕೆ ನಮಗೆ ಬಟ್ಟೆ ಹೊಲಿದು ತನಗೆ ಹೊಲಿದುಕೊಳ್ಳದೆ ಇದ್ದದ್ದು, ಕಣ್ಣು ಮಂಜಾದರೂ ಆಪರೇಷನ್ ಮುಂದಕ್ಕೆ ಹಾಕಿದ್ದು.

ಇದನ್ನು ತೋರಿಸಿದರೆ ಸಾಕು ಎಂದುಕೊಂಡೆವು. ವಕೀಲೆ ತಲೆಯಾಡಿಸಿದರು. ಡಿಕ್ರಿಯಾದ ಮೇಲೆ ಕೋರ್ಟಿನ ಹೊರಗೆ ಕೊಟ್ಟ ಹಣವನ್ನು ಕೋರ್ಟಿಗೆ ತಿಳಿಸಿ ದಾಖಲು ಮಾಡಿಸಬೇಕು. ತೆಗೆದುಕೊಂಡವರು ತಿಳಿಸದಿದ್ದರೆ ಕೊಟ್ಟವರು ಮೂವತ್ತು ದಿನದೊಳಗೆ ಅರ್ಜಿ ಹಾಕಬೇಕು. ದಾಖಲಾಗದ ಪಾವತಿಯನ್ನು ಅಮಲ್ಜಾರಿ ಕೋರ್ಟು ಲೆಕ್ಕಕ್ಕೆ ಹಿಡಿಯುವುದಿಲ್ಲ. ಇದಕ್ಕೂ ಕಾರಣವಿದೆ, ಸುಳ್ಳು ರಸೀದಿ ಹುಟ್ಟಿಸಿ ಡಿಕ್ರಿಯನ್ನೇ ಮುಳುಗಿಸುವವರೂ ಇದ್ದಾರೆ. ಆದರೆ ನಂಬಿಕೆಯ ಮೇಲೆ, ಅಳತೆ ಪುಸ್ತಕದ ಮೇಲೆ ಬದುಕುವ ನಮ್ಮಂಥವರ ಮೇಲೆ ಈ ನಿಯಮ ಬೀಳುವಷ್ಟು ಕ್ರೂರವಾಗಿ ಇನ್ನಾವುದೂ ಬೀಳುವುದಿಲ್ಲ. ಡಿಕ್ರಿಯಾದ ಸಾಲಕ್ಕೆ ಕೈಗೆ ಕೈ ಹಣ ಕೊಡುವವರು ನನಗೆ ಇವತ್ತಿಗೂ ಸಿಗುತ್ತಾರೆ. ಬ್ಯಾಂಕಿನ ಮೂಲಕ ಕೊಡಿ, ಕೋರ್ಟಿನಲ್ಲಿ ಮೆಮೊ ಹಾಕಿಸಿ ಎಂದು ಪ್ರತಿಯೊಬ್ಬರಿಗೂ ಹೇಳುತ್ತೇನೆ.

ತಕರಾರು ಸಲ್ಲಿಸಿದೆವು. ಬಡ್ಡಿಯ ಲೆಕ್ಕ ತಪ್ಪು, ಹೊಣೆ ಆಸ್ತಿಯ ಮಟ್ಟಿಗೆ ಮಾತ್ರ, ಇಷ್ಟು ಹಣ ಈಗಾಗಲೇ ಸಂದಿದೆ ಎಂದು ಬರೆದಿದ್ದೆವು. ವಾಯಿದೆಗಳು ಬಂದವು, ಹೋದವು. ಜವಾನರು ಹೆಸರು ಕೂಗುವಾಗ ಅಮ್ಮ ಪ್ರತಿ ಸಲವೂ ಎದ್ದು ನಿಲ್ಲುತ್ತಿದ್ದಳು. ಮೊದಮೊದಲು ಸೆರಗು ಬಿಗಿಹಿಡಿದು ತಲೆ ತಗ್ಗಿಸಿಕೊಂಡು ನಿಲ್ಲುತ್ತಿದ್ದವಳು ಬರಬರುತ್ತ ಪಕ್ಕದಲ್ಲಿ ಕೂತ ಬೇರೆ ಹೆಂಗಸರಿಗೆ ಯಾವ ಕೋರ್ಟು ಯಾವ ಬಾಗಿಲು ಎಂದು ತೋರಿಸುವಷ್ಟಾದಳು.

ಅಲ್ಲೇ ನಾವು ಸಾಲ ಕೊಟ್ಟವರ ಮಗನನ್ನು ನೋಡಿದ್ದು. ಅವರ ತಂದೆಯೂ ತೀರಿಕೊಂಡಿದ್ದರು, ಅರ್ಜಿ ಹಾಕಿದ್ದು ಮಗನೇ. ಬಡ್ಡಿ ವ್ಯಾಪಾರಿಯ ಮಗ ಎಂದು ನಾನು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಮುಖವಲ್ಲ ಅದು. ಸಣ್ಣ ದಿನಸಿ ಅಂಗಡಿ, ಹಾಸಿಗೆ ಹಿಡಿದ ತಾಯಿ, ಮದುವೆಗೆ ಬಂದ ತಂಗಿ. ತಂದೆ ಬಿಟ್ಟುಹೋದ ಡಿಕ್ರಿ ಹನ್ನೆರಡು ವರ್ಷಕ್ಕೆ ಸತ್ತುಹೋಗುತ್ತದೆ ಎಂದು ಯಾರೋ ಹೇಳಿದಾಗ ಗಾಬರಿಬಿದ್ದು ಅರ್ಜಿ ಹಾಕಿಸಿದ್ದರು. ಲೆಕ್ಕ ಬರೆದದ್ದು ಅವರಲ್ಲ. ಈ ದೇಶದಲ್ಲಿ ದಾವೆ ಗೆದ್ದವನ ಕಷ್ಟ ಡಿಕ್ರಿ ಕೈಗೆ ಬಂದ ಮೇಲೆಯೇ ಶುರು ಎಂಬ ಅರ್ಥದ ಮಾತನ್ನು ಲಂಡನ್ನಿನ ಪ್ರಿವಿ ಕೌನ್ಸಿಲ್ 1872ರಲ್ಲೇ ಹೇಳಿತ್ತು. ಅಮಲ್ಜಾರಿ ಅರ್ಜಿಗಳನ್ನು ಆರು ತಿಂಗಳಲ್ಲಿ ಮುಗಿಸಿ ಎಂದು ಸುಪ್ರೀಂ ಕೋರ್ಟು 2021ರಲ್ಲಿ ಹೇಳಬೇಕಾಯಿತು. 2025ರಲ್ಲಿ ಅದೇ ಕೋರ್ಟು ಲೆಕ್ಕ ತರಿಸಿ ನೋಡಿದಾಗ ದೇಶದಲ್ಲಿ ಇಂಥ ಅರ್ಜಿಗಳು 8 ಲಕ್ಷಕ್ಕೂ ಹೆಚ್ಚು ಬಾಕಿಯಿದ್ದವು. ಅವುಗಳಲ್ಲಿ ಎಷ್ಟೋ ಕಡೆ ಕೇಳುವವರೂ ಕೊಡಬೇಕಾದವರೂ ಒಂದೇ ಬಗೆಯ ಮನೆಗಳಿಂದ ಬಂದವರೇ ಇರಬೇಕು ಎಂದು ನನಗೆ ಅನ್ನಿಸುತ್ತದೆ.

2019ರ ಮಧ್ಯದಲ್ಲಿ ನಮ್ಮ ಮನೆಯಲ್ಲಿ ಒಂದು ಜಗಳವೇ ಆಯಿತು. ಆ ಜುಲೈಯಲ್ಲಿ ರಾಜ್ಯದಲ್ಲಿ ಋಣ ಪರಿಹಾರ ಕಾಯ್ದೆ ಜಾರಿಗೆ ಬಂತು. ಸಣ್ಣ ರೈತರು, ಭೂಮಿಯಿಲ್ಲದ ಕೂಲಿಗಳು, ವರ್ಷಕ್ಕೆ 1,20,000 ರೂಪಾಯಿಗಿಂತ ಕಡಿಮೆ ಆದಾಯದ ದುರ್ಬಲ ವರ್ಗದವರು ಖಾಸಗಿಯವರಿಂದ ಮಾಡಿದ ಸಾಲ ಮನ್ನಾ. ಉಪವಿಭಾಗಾಧಿಕಾರಿಗಳ ಕಚೇರಿಗಳ ಮುಂದೆ ಅರ್ಜಿ ಹಿಡಿದವರ ಸಾಲು. ಅಮ್ಮನ ಹೊಲಿಗೆಯ ಆದಾಯ ಆ ಮಿತಿಯೊಳಗೇ ಇದೆ, ಅರ್ಜಿ ಹಾಕೋಣ ಎಂದ ತಮ್ಮ. ಅವನ ಮಾತಿನಲ್ಲೂ ನ್ಯಾಯವಿತ್ತು. ತಿಂದವರು ಯಾರೋ, ತೀರಿಸುವವರು ನಾವು. ಅಮ್ಮ ಒಪ್ಪಲಿಲ್ಲ. ಅವಳು ತನ್ನ ಅತ್ತೆಯ ಕಥೆ ತೆಗೆದಳು. ದೇವರಾಜ ಅರಸರ ಕಾಲದ 1976ರ ಋಣ ಪರಿಹಾರ ಕಾಯ್ದೆಯಲ್ಲಿ ಗಿರವಿಗೆ ಬಿದ್ದಿದ್ದ ನಮ್ಮ ಅಜ್ಜಿಯ ಹಿತ್ತಾಳೆ ಹಂಡೆ, ಬೆಳ್ಳಿ ಡಾಬು ಮನೆಗೆ ವಾಪಸು ಬಂದಿದ್ದವು. ಆಗ ಮನೆಯಲ್ಲಿ ಎರಡು ಹೊತ್ತಿನ ಊಟಕ್ಕೆ ಗತಿಯಿರಲಿಲ್ಲ. "ಏನೂ ಇಲ್ಲದೋರಿಗೆ ಅಂತ ಬಂದಿರೋ ಕಾನೂನು ಅದು. ನನಗೆ ದುಡಿಯೋ ಮಕ್ಕಳು ಇಬ್ಬರಿದ್ದಾರೆ. ಸಹಿ ನಿಮ್ಮಪ್ಪಂದು. ಎಷ್ಟು ನಿಜವೋ ಅಷ್ಟು ಕೊಡೋಣ, ಅದಕ್ಕಿಂತ ಒಂದು ರೂಪಾಯಿ ಬೇಡ." ಆ ದಿನದಿಂದ ನಮ್ಮ ಮನೆಯ ನಿಲುವು ಅದೇ ಆಯಿತು. ಸಾಲದಿಂದ ಪಾರಾಗುವುದಕ್ಕಲ್ಲ, ಸಾಲವನ್ನು ಅದರ ಸರಿಯಾದ ಅಳತೆಗೆ ತರುವುದಕ್ಕೆ ನಾವು ಕೋರ್ಟಿಗೆ ಹೋಗುತ್ತಿದ್ದೇವೆ ಎಂದು ನನಗೂ ಸ್ಪಷ್ಟವಾದದ್ದು ಆಗಲೇ.

ಆ ವರ್ಷದ ಕೊನೆಯ ಭಾಗದ ರಾಷ್ಟ್ರೀಯ ಲೋಕ ಅದಾಲತ್ತಿಗೆ ನಮ್ಮ ಕೇಸು ಹೋಯಿತು. ನ್ಯಾಯಾಧೀಶರು, ಸಂಧಾನಕ್ಕೆ ಕೂತ ಒಬ್ಬ ವಕೀಲರು, ಮೇಜಿನ ಈಚೆ ನಾವು ಎರಡು ಮನೆಯವರು. ಅಮ್ಮ ಚೀಲದಿಂದ ಅಳತೆ ಪುಸ್ತಕ ತೆಗೆದು ಕೊನೆಯ ಹಾಳೆ ಬಿಡಿಸಿ ಆ ಹುಡುಗನ ಮುಂದೆ ಇಟ್ಟಳು. ಕಾನೂನಿನ ಕಣ್ಣಿಗೆ ಬೆಲೆಯಿಲ್ಲದ ಹಾಳೆ. ಅವರು ಬಹಳ ಹೊತ್ತು ನೋಡಿದರು. ಒಂದೊಂದು ಸಹಿಯ ಮೇಲೂ ಬೆರಳಾಡಿಸಿದರು. "ಇದು ನಮ್ಮಪ್ಪಂದೇ. ಬಾಲ ಹಿಂಗೇ ಎಳೀತಿದ್ರು" ಅಂದರು. ಅವರ ವಕೀಲರು ಏನೋ ಹೇಳಲು ಬಾಗಿದರು, ಅವರು ಬೇಡವೆಂದು ಕೈ ಮಾಡಿದರು. "ಇಸ್ಕೊಂಡಿರೋದನ್ನ ಇಸ್ಕೊಂಡಿಲ್ಲ ಅನ್ನೋದು ನನ್ನ ಕೈಲಾಗಲ್ಲ ಸಾರ್."

ಕಟ್ಟಿದ 38,500 ಕಳೆದರೆ 1,06,100 ಉಳಿಯುತ್ತಿತ್ತು. ಮಾತುಕತೆಯಲ್ಲಿ ಅದು 90,000ಕ್ಕೆ ನಿಂತಿತು, ಕಂತಿನಲ್ಲಿ. ಅಮ್ಮನ ಷರತ್ತು ಒಂದೇ: ಪ್ರತಿ ಕಂತೂ ಬ್ಯಾಂಕಿನ ಮೂಲಕ, ಕೊನೆಗೆ ಪೂರ್ತಿ ಸಂದಾಯವಾಯಿತೆಂದು ಕೋರ್ಟಿನ ದಾಖಲೆಯಲ್ಲಿ ಬರಬೇಕು. ಲೋಕ ಅದಾಲತ್ತಿನ ತೀರ್ಪಿಗೆ ಡಿಕ್ರಿಯಷ್ಟೇ ಬಲ, ಅದರ ಮೇಲೆ ಅಪೀಲಿಲ್ಲ. ಎರಡೂ ಕಡೆಯವರು ಸಹಿ ಹಾಕಿದೆವು. ಹೊರಗೆ ಬಂದ ಮೇಲೆ ಆ ಹುಡುಗ ಅಮ್ಮನ ಹತ್ತಿರ ಬಂದು, "ತಂಗಿ ಮದುವೆಗೆ ಬನ್ನಿ ಅಮ್ಮ, ರವಿಕೆ ಹೊಲಿಯೋಕೆ ಕೊಡ್ತೀವಿ" ಅಂದರು. ಕೊಟ್ಟರು ಕೂಡ.

ಮರುವರ್ಷ ಲಾಕ್‌ಡೌನ್ ಬಂದು ಕೋರ್ಟುಗಳು ಮುಚ್ಚಿದವು, ತಮ್ಮನ ಕಾರ್ಖಾನೆಯೂ ಮುಚ್ಚಿತು. ಒಂದು ಕಂತು ತಡವಾಯಿತು. ಅಮ್ಮ ಆ ಹುಡುಗನಿಗೆ ಫೋನ್ ಮಾಡಿ ಮೊದಲೇ ಹೇಳಿದಳು, ಅವರು ಕಾದರು. ಕೊನೆಯ ಕಂತು ಸಂದ ಮೇಲೆ ಡಿಕ್ರಿ ಪೂರ್ಣ ತೃಪ್ತಿಯಾಗಿದೆ ಎಂಬ ಮೆಮೊ ಹಾಕಿ ಅಮಲ್ಜಾರಿ ಪ್ರಕರಣ ಮುಗಿಯಿತು. ಆ ಆದೇಶದ ದೃಢೀಕೃತ ಪ್ರತಿ ಮನೆಪತ್ರದ ಜೊತೆ ಬೀರುವಿನಲ್ಲಿದೆ.

ಈಗ ಸಾಲ ವಸೂಲಿಯ ಬೇರೆ ಮುಖವನ್ನು ನಮ್ಮ ಜಿಲ್ಲೆಗಳು ನೋಡುತ್ತಿವೆ. ಸಣ್ಣ ಸಾಲದ ಕಂಪನಿಗಳ ಹುಡುಗರು ಬಾಗಿಲಲ್ಲಿ ಕೂತು ಕೂಗಾಡುವುದು, ಮನೆಗೆ ಬಣ್ಣದಲ್ಲಿ ಬರೆದು ಹೋಗುವುದು. ಅದನ್ನು ತಡೆಯಲೆಂದೇ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಆ ಕೂಗಾಟಕ್ಕೆ ಹೆದರಿದ ಹೆಂಗಸರು ಕೋರ್ಟಿನ ನೋಟೀಸನ್ನೂ ಅದೇ ಸಾಲಿಗೆ ಸೇರಿಸಿ ಓಡಿಹೋಗುತ್ತಾರೆ. ಹಾಗೆ ಬಂದವರನ್ನು ಅಮ್ಮ ಕೂರಿಸಿ, ಕೂಗಾಡಿದವರ ಮೇಲೆ ಪೊಲೀಸಿಗೆ ಹೋಗಿ, ಈ ಕಾಗದಕ್ಕೆ ಕೋರ್ಟಿಗೆ ಹೋಗಿ ಎಂದು ಬಿಡಿಸಿ ಹೇಳುತ್ತಾಳೆ. ಒಂಟಿಯಾಗಿ ಹೋಗಲು ಅಳುಕುವವರ ಜೊತೆ ತಾನೇ ಸಮಿತಿಯ ಬಾಗಿಲವರೆಗೆ ಹೋಗುತ್ತಾಳೆ.

ಅಪ್ಪನ ಗೆಳೆಯರ ಮೇಲೆ ನಮಗೂ ಹಕ್ಕಿತ್ತು. ಇಬ್ಬರ ಮೇಲಿನ ಡಿಕ್ರಿಯನ್ನು ಒಬ್ಬರೇ ತೀರಿಸಿದರೆ ಇನ್ನೊಬ್ಬರ ಪಾಲನ್ನು ಅವರಿಂದ ವಸೂಲು ಮಾಡಲು ದಾವೆ ಹಾಕಬಹುದು. ತಮ್ಮ ಹಾಕೋಣವೆಂದ. ಅಮ್ಮ ಬೇಡವೆಂದಳು. ಹೀಗಿರುವಾಗ ಒಂದು ದಿನ ಅವರ ಹೆಂಡತಿ ತಿರುಪ್ಪೂರಿನಿಂದ ಬಂದರು. ಗಂಡನಿಗೆ ಲಕ್ವ ಹೊಡೆದಿದೆ, ಮಗಳು ಬನಿಯನ್ ಫ್ಯಾಕ್ಟರಿಯಲ್ಲಿದ್ದಾಳೆ ಎಂದರು. ಸೆರಗಿನ ತುದಿ ಬಿಚ್ಚಿ 10,000 ರೂಪಾಯಿ ತೆಗೆದಿಟ್ಟು, "ಉಳಿದದ್ದು ನಿಧಾನಕ್ಕೆ ಕೊಡ್ತೀವಿ ಅಕ್ಕ" ಅಂದರು. ಬೇಡವೆನ್ನಲು ನಾನು ಬಾಯಿ ತೆರೆದಿದ್ದೆ. ಅಮ್ಮ ನನ್ನನ್ನು ಕಣ್ಣಲ್ಲೇ ತಡೆದು ಹಣ ಎಣಿಸಿ ತೆಗೆದುಕೊಂಡಳು. ಊಟ ಹಾಕಿದಳು. ಆಮೇಲೆ ನನ್ನ ಕೈಲಿ ರಸೀದಿ ಬರೆಸಿ, ತಾರೀಖು ಹಾಕಿ ತಾನು ಸಹಿ ಮಾಡಿ, ಒಂದು ಪ್ರತಿ ಆಕೆಗೆ ಕೊಟ್ಟು ಇನ್ನೊಂದಕ್ಕೆ ಆಕೆಯ ಸಹಿ ತೆಗೆದುಕೊಂಡಳು.